ಬಸ್ಸಿನ ಚಿತ್ರದ ಬಾಸಿಂಗ

ನನ್ನ ಮಗನ ಮದುವೆ ಆಯಿತು! ಹಾಲು ಹಾಕುವವನಿಗೆ ಹೇಳಿದೆ, ಗ್ಯಾಸ್ ಸಿಲಿಂಡರ್ ತಂದವನಿಗೆ ಹೇಳಿದೆ, ಯಾರಿಗೋ ಮಾಡಲು ಹೋಗಿ ನನ್ನ ಫೋನಿಗೆ ಹತ್ತಿದವನಿಗೂ ಹೇಳಿದೆ. ಅವನು ಪಾಪ, "ಒಳ್ಳೇದಾಗ್ಲಿ ಬಿಡ್ರೀ ಅಮ್ಮ" ಎಂದು ಇಟ್ಟ. ಇನ್ನು ಉಳಿದವರಿಗೆ ಬರೆದು ಹೇಳುತ್ತೇನೆ. ಮದುಮಗಳು ಬೇರೆ ಯಾರೂ ಅಲ್ಲ, ನನ್ನ ಸೊಸೆಯೇ. ಬಾಸಿಂಗ ಕಟ್ಟಿದವಳು ಅವರಿಬ್ಬರ ಮಗಳು, ಸಿಂಧನೂರಿನ ಸರ್ಕಾರಿ ಶಾಲೆಯಲ್ಲಿ ಯುಕೆಜಿ ಓದುವ ನನ್ನ ಮೊಮ್ಮಗಳು. ಮದುವೆ ನಡೆದದ್ದು ಅದೇ ಶಾಲೆಯಲ್ಲಿ, ತಾಯಂದಿರ ದಿನದ ಕಾರ್ಯಕ್ರಮದಲ್ಲಿ. ಸ್ವಲ್ಪ ತಪ್ಪಿದ್ದರೆ ನನ್ನ ಸೊಸೆಯ ಪಕ್ಕದಲ್ಲಿ ಹೆಡ್‌ಮಾಸ್ತರರು ಮದುಮಗನಾಗಿ ನಿಲ್ಲುತ್ತಿದ್ದರು, ಆ ಕಥೆಯನ್ನೂ ಹೇಳುತ್ತೇನೆ.

ಮಗಳು ಯುಕೆಜಿಗೆ ಬಂದ ಮೇಲೆ ಅಪ್ಪ ಅವ್ವನ ಮದುವೆ ಹೇಗಾಯಿತು ಎಂದು ನೀವು ಕೇಳುತ್ತೀರಿ. ಕೇಳಬೇಕಾದದ್ದೇ. ನಾನು ಕಲಿತದ್ದು ಮೂರನೇ ಇಯತ್ತೆ, ಅದರ ಮೇಲೆ ಈಗ ಖುಷಿ ಬೇರೆ, ಸಾಲು ಮೇಲೆ ಕೆಳಗೆ ಆದರೆ ನಡೆಸಿಕೊಳ್ಳಿರಿ.

ಅವರದು ಮೊದಲೂ ಒಂದು ಮದುವೆ ಆಗಿತ್ತು. ಅದು ಕೊರೊನಾ ಕಾಲ. ಸೊಸೆ ಲಿಂಗಸುಗೂರಿನ ಆಸ್ಪತ್ರೆಯಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವ ಲ್ಯಾಬಿನವಳು, ಅವಳಿಗೆ ಓಡಾಡಲು ಪಾಸು ಇತ್ತು. ಮಗ ಕರೆಂಟ್ ಕಂಬ ಹತ್ತುವ ಲೈನ್‌ಮನ್, ಅವನಿಗೂ ಇತ್ತು. ಪಾಸು ಇಲ್ಲದವರು ಸೊಸೆಯ ತಂದೆ ತಾಯಿ, ನನ್ನ ಬೀಗರು, ಬೀಗತಿ. ಅವರು ಮಸ್ಕಿಯಲ್ಲಿದ್ದರು. ಮದುವೆಗೆಂದು ಮೊದಲೇ ಹೇಳಿ ಮಾಡಿಸಿದ್ದ ಬಾಸಿಂಗದ ಜೋಡಿಯೂ ಬೀಗತಿಯ ಹತ್ತಿರವೇ ಇತ್ತು. ಮಸ್ಕಿಗೂ ಸಿಂಧನೂರಿಗೂ ನಡುವೆ ರಸ್ತೆಗೆ ಅಡ್ಡ ಬಿದಿರು ಕಟ್ಟಿದ್ದರು. ಆಸ್ಪತ್ರೆಯ ಗಾಡಿ ದಾರಿಯಲ್ಲಿ ಎಲ್ಲೂ ನಿಲ್ಲದೆ ಹೆಣ್ಣನ್ನು ನಮ್ಮ ಬಾಗಿಲಿಗೆ ಇಳಿಸಿ, ಸಂಜೆ ವಾಪಸು ಕಳಿಸಬೇಕು ಎಂದು ಹೇಳಿ ಹೋಯಿತು. ಹೀಗಾಗಿ ನಮ್ಮ ಮನೆಯ ಕಟ್ಟೆಯ ಮೇಲೆ ತಾಳಿ ಕಟ್ಟಿಸಿದೆವು. ಹಣೆಗೆ ಬಾಸಿಂಗ ಇರಲಿಲ್ಲ, ಬಾಯಿಗೆ ಮಾಸ್ಕ್ ಇತ್ತು. ಬೀಗತಿ ಬಾಸಿಂಗವನ್ನು ತೊಡೆಯ ಮೇಲಿಟ್ಟುಕೊಂಡು ಮೊಬೈಲಿನಲ್ಲಿ ನೋಡುತ್ತಿದ್ದಳು. ಇನ್ನೇನು ತಾಳಿ ಎತ್ತಬೇಕು, ನೆಟ್‌ವರ್ಕ್ ಹೋಯಿತು. ಮತ್ತೆ ಬಂದಾಗ ನಾವು ಮಂಡಕ್ಕಿ ತಿನ್ನುತ್ತಿದ್ದೆವು.

ಬೀಗತಿ ಬಾಸಿಂಗವನ್ನು ಒಯ್ದು ಮಸ್ಕಿಯ ಹಳ್ಳಕ್ಕೆ ಬಿಟ್ಟಳಂತೆ. ಆಮೇಲೆ ಒಂದು ಪಣ ತೊಟ್ಟಳು.

"ಬಾಸಿಂಗ ಕಟ್ಟಲಾರದ್ದು ಮದುವಿ ಅಲ್ಲ. ಮದುವಿ ಆಗಲಾರದ ಮಗಳ ಮನ್ಯಾಗ ತಾಯಿ ಆದಾಕಿ ಉಣಬಾರದು."

ಸಿಟ್ಟಿನಲ್ಲಿ ಅಂದ ಮಾತು, ಎರಡು ಹಬ್ಬ ಕಳೆದರೆ ಕರಗುತ್ತದೆ ಎಂದುಕೊಂಡೆವು. ಕರಗಲಿಲ್ಲ. ಹಾಗಂತ ಬೀಗತಿ ಬರುವುದನ್ನೇನು ಬಿಡಲಿಲ್ಲ. ಅಮಾವಾಸ್ಯೆಗೆ ಬರುತ್ತಾಳೆ, ಹುಣ್ಣಿಮೆಗೆ ಬರುತ್ತಾಳೆ, ಮೊಮ್ಮಗಳಿಗೆ ಕೆಮ್ಮು ಬಂತೆಂದರೆ ಮೊದಲ ಬಸ್ಸಿಗೆ ಬರುತ್ತಾಳೆ. ಬರುವಾಗ ಬಗಲಲ್ಲಿ ತನ್ನದೇ ರೊಟ್ಟಿ ಗಂಟು, ತನ್ನದೇ ನೀರಿನ ಬಾಟಲಿ. ನಮ್ಮ ಕಟ್ಟೆಯ ಮೇಲೆ ಕುಳಿತು ಗಂಟು ಬಿಚ್ಚಿ ಉಂಡು, ಕೈಯನ್ನೂ ತನ್ನ ಬಾಟಲಿಯ ನೀರಿನಲ್ಲೇ ತೊಳೆದುಕೊಳ್ಳುತ್ತಾಳೆ. ಓಣಿಯವರು, "ಯಾಕ್ರೀ, ಬೀಗತಿಗೆ ಉಣ್ಣಾಕ ಹಾಕಾಂಗಿಲ್ಲೇನು?" ಎಂದು ನನ್ನನ್ನೇ ಕೇಳುತ್ತಾರೆ.

ಹೆರಿಗೆಗೆ ಮಗಳನ್ನು ಮಸ್ಕಿಗೆ ಕರೆದೊಯ್ದು, ಎಣ್ಣೆ ನೀರು ಹಾಕಿ, ಕಣ್ಣಲ್ಲಿ ಕಣ್ಣಿಟ್ಟು ಬಾಣಂತನ ಮಾಡಿದಳು. ಕೂಸಿಗೆ ಹೆಸರಿಡುವ ದಿನ ನನ್ನ ಮಗ ಬಾಗಿಲಿಗೆ ಬಂದಾಗ ಎಲ್ಲರ ಎದುರಿಗೆ, "ಅಳಿಯ ಆಗೋರು ಬಂದ್ರು, ಚಾಪಿ ಹಾಸ್ರಿ" ಎಂದಳು. ತೊಟ್ಟಿಲಲ್ಲಿ ಅವನ ಮಗಳು ಮಲಗಿದ್ದಾಳೆ, ಅವನು ಇನ್ನೂ ಅಳಿಯ ಆಗುವವನು! ಈ ಮದುವೆಯವರೆಗೂ ಅವನನ್ನು ಹಾಗೇ ಕರೆಯುತ್ತಿದ್ದಳು. ಹೋದ ದೀಪಾವಳಿಗೆ ಅವನಿಗೆ ಅಂಗಿ ತಂದು, "ಗಂಡು ಗೊತ್ತಾದ ಮ್ಯಾಲ ಹಬ್ಬಕ್ಕ ಏನರ ಕೊಡಬೇಕಲ್ಲ" ಎಂದಿದ್ದಳು.

ಇದರಲ್ಲಿ ನಗು ಬಾರದವಳು ನನ್ನ ಸೊಸೆ ಒಬ್ಬಳೇ. ತಾಯಿ ಬಂದಾಗಲೆಲ್ಲ ಬಿಸಿ ಬಿಸಿ ತಟ್ಟೆ ಬಡಿಸಿಕೊಂಡು ಕಟ್ಟೆಗೆ ಹೋಗುತ್ತಾಳೆ.

"ಒಂದ ತುತ್ತು ಉಣ್ಣ ಬೇ ಅವ್ವಾ."

"ಮದುವಿ ಮಾಡಿಕೋ, ಉಣ್ತೀನಿ."

"ಮದುವಿ ಆಗೇತಿ ಬೇ!"

"ನಾ ನೋಡಿಲ್ಲ."

ಸೊಸೆ ತಟ್ಟೆ ಹಿಂದಕ್ಕೆ ತರುತ್ತಾಳೆ. ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತುಕೊಂಡೇ ಅದನ್ನು ತಾನು ಉಣ್ಣುತ್ತಾಳೆ. ತನ್ನ ಕೈಯಡುಗೆಯನ್ನು ಹೆತ್ತ ತಾಯಿ ಒಂದು ದಿನ ಉಣ್ಣಬೇಕು, ಅಷ್ಟೇ ಅವಳಿಗೆ ಬೇಕಾದದ್ದು.

ಹಾಗಾದರೆ ಇನ್ನೊಂದು ಸಲ ಮದುವೆ ಮಾಡಿಬಿಡೋಣ ಎಂದು ನಾನೇ ಅಂದೆ. ಬೀಗತಿ ಕಲ್ಯಾಣಮಂಟಪ ಬೇಕು, ವಾಲಗ ಬೇಕು, ಸಾವಿರ ಮಂದಿ ಉಣ್ಣಬೇಕು ಎಂದು ಕುಳಿತಳು. ಸೊಸೆ ಕೇಳಿ ಕೈ ಮುಗಿದಳು.

"ಅತ್ತೀ, ನಾ ದಿನಾ ಮಂದಿ ರಕ್ತ ತಗಿಯಾಕಿ. ಕೂಸು ಬಗಲಾಗ ಹೊತಗೊಂಡು, ಹಣಿಗೆ ಬಾಸಿಂಗ ಕಟಗೊಂಡು ಮೆರವಣಿಗಿ ಹೋದ್ರ ನಾಳೆ ಯಾರು ನನ್ನ ಮುಂದ ಬೆರಳು ಚಾಚತಾರ?"

ಆ ಕಡೆ ತಾಯಿ ಬಗ್ಗಳು, ಈ ಕಡೆ ಮಗಳು ಬಗ್ಗಳು. ಮಾತು ಅಲ್ಲಿಗೇ ನಿಂತಿತ್ತು.

ಹೀಗಿರುವಾಗ ಶಾಲೆಯಿಂದ ಮೊಬೈಲಿಗೆ ಟೀಚರಮ್ಮ ಮಾತಾಡಿ ಕಳಿಸಿದ ಮೆಸೇಜು ಬಂತು. ಎಲ್ಲರೂ ತಾಯಂದಿರ ದಿನ ಮಾಡುವ ಹೊತ್ತಿಗೆ ಶಾಲೆಗೆ ಬೇಸಿಗೆ ರಜೆ ಇತ್ತು, ಅದಕ್ಕೆ ಇವರು ತಮ್ಮದೇ ಒಂದು ಶನಿವಾರ ಗೊತ್ತು ಮಾಡಿದ್ದರು. ಮಕ್ಕಳು ಮನೆಯಲ್ಲಿ ಕೈಯಿಂದಲೇ ಮಾಡಿ, ಬಣ್ಣ ಹಚ್ಚಿದ ಕಾಗದದ ಅಲಂಕಾರ ತರಬೇಕು, ಅದನ್ನು ಶಾಲೆಯಲ್ಲಿ ಅವರವರ ತಾಯಿಗೆ ಕೊಡಬೇಕು, ಅಲ್ಲಿಯ ತನಕ ತಾಯಿಗೆ ತೋರಿಸಬಾರದು. ಇಷ್ಟು ಅದರಲ್ಲಿತ್ತು. ಸೊಸೆ ದಿನದಂತೆ ಲಿಂಗಸುಗೂರಿನ ಬಸ್ಸಿನಲ್ಲಿದ್ದಳು, ಮಗ ಕಂಬದ ಮೇಲಿದ್ದ. ಮನೆಯಲ್ಲಿದ್ದವಳು ನಾನು. ಮೊಮ್ಮಗಳು ಕತ್ತರಿ ಹಿಡಿದು ನನ್ನ ಮುಂದೆ ಬಂದು ಕುಳಿತಳು.

ಉಳಿದ ಮನೆಗಳಲ್ಲಿ ಮೊಬೈಲ್ ನೋಡಿ ಚಿಟ್ಟೆ ಮಾಡಿದರು, ಹೂವಿನ ಬುಟ್ಟಿ ಮಾಡಿದರು, ಗೋಡೆಗೆ ನೇತುಹಾಕುವ ಚಕ್ರ ಮಾಡಿದರು. ನನಗೆ ಅವೆಲ್ಲ ಎಲ್ಲಿ ಬರಬೇಕು? ಕಾಗದ, ಬಣ್ಣ, ಹೆಣ್ಣುಮಗಳಿಗೆ ಅಲಂಕಾರ. ನನಗೆ ತಿಳಿದ ಮಟ್ಟಿಗೆ ಅಂಥದ್ದು ಲೋಕದಲ್ಲಿ ಒಂದೇ ಇದೆ, ಬಾಸಿಂಗ. ಲಿಂಗಸುಗೂರಿನಲ್ಲಿ ನನ್ನ ತವರುಮನೆಯ ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿ ಬಾಸಿಂಗ ಮಾಡುತ್ತಿದ್ದರು. ಶಾಲೆ ಬಿಡಿಸಿದ ಮೇಲೆ ನಾನು ಬೆಳೆದದ್ದೇ ಆ ಮನೆಯ ಅಂಟಿನ ಬೋಗುಣಿಯ ಮುಂದೆ. ಬೀಗತಿಯ ಪಣ ಆ ಹೊತ್ತಿಗೆ ನೆನಪಿಗೆ ಬಂದಿದ್ದರೆ ಹೇಳುತ್ತಿದ್ದೆ, ಬರಲೇ ಇಲ್ಲ. ಹುಣಸೆ ಬೀಜ ಹುರಿದು, ಕುಟ್ಟಿ, ಕುದಿಸಿ ಅಂಟು ಮಾಡುವಾಗ ಆ ವಾಸನೆಗೆ ನಾನು ಲಂಗ ತೊಟ್ಟ ಹುಡುಗಿಯಾಗಿ ಲಿಂಗಸುಗೂರಿಗೆ ಹೋಗಿಬಿಟ್ಟಿದ್ದೆ.

ಮಿಕ್ಸರ್ ಬಂದ ಡಬ್ಬಿಯ ರಟ್ಟು ಕತ್ತರಿಸಿದೆ. ನಡುವೆ ಎತ್ತರ, ಎರಡೂ ಕಡೆ ಇಳಿಜಾರು, ಅಂಚಿಗೆ ಮಲ್ಲಿಗೆ ಮೊಗ್ಗಿನ ಹಾಗೆ ಸುತ್ತಿದ ಬಿಳಿ ಕಾಗದ, ಅದರ ಮೇಲೆ ಮಿಣಮಿಣ ಬೇಗಡೆ. ನಡುವಿನ ಜಾಗ ಮೊಮ್ಮಗಳಿಗೆ ಬಿಟ್ಟೆ.

"ಇಲ್ಲಿ ಎರಡು ಗಿಳಿ ತಗಿ."

"ಗಿಳಿ ಯಾಕ?"

"ಬಾಸಿಂಗದಾಗ ಗಿಳಿ ಇರ್ತಾವವ್ವ."

"ನಮ್ಮವ್ವ ಗಿಳಿ ಮ್ಯಾಲ ಕುಂತು ಹೋಗ್ತಾಳೇನು? ಬಸ್ಸಿನ್ಯಾಗ ಹೋಗ್ತಾಳ."

ಬಸ್ಸು ತೆಗೆದಳು. ಕೆಂಪು ಬಸ್ಸು, ಒಂದು ಗಾಲಿ ದೊಡ್ಡದು, ಒಂದು ಸಣ್ಣದು. ಕಿಟಕಿಗೊಂದು ಮುಖ, ಎಲ್ಲವೂ ಅವಳ ಅವ್ವನ ಮುಖವೇ. ಡ್ರೈವರ್ ಜಾಗದಲ್ಲಿಯೂ ಅವ್ವನೇ. ಕಂಡಕ್ಟರ್ ಎಲ್ಲಿ ಎಂದರೆ, "ಅವ್ವನ ಕಡೆ ಚೀಟಿ ಯಾರು ಕೇಳ್ತಾರ?" ಎಂದಳು.

ಅದು ಒಣಗುವಷ್ಟರಲ್ಲಿ ನಾನು ಇನ್ನೊಂದು ರಟ್ಟು ಕತ್ತರಿಸಿದ್ದೆ. ಆ ಮನೆಯಲ್ಲಿ ನಾನು ಮೊದಲು ಕಲಿತದ್ದೇ ಅದು. ಬಾಸಿಂಗವನ್ನು ಒಂಟಿ ಮಾಡಬಾರದು. ಮಕ್ಕಳ ಗೊಂಬೆಗೆ ಮಾಡಿದರೂ ಜೋಡಿಯೇ ಮಾಡಬೇಕು, ಒಂಟಿ ಮಾಡಿದ ಕೈಗೆ ಒಳ್ಳೆಯದಲ್ಲ ಎಂದು ಆ ಮನೆಯ ಮುದುಕಿ ಹೇಳುತ್ತಿದ್ದಳು. ಎರಡನೆಯದಕ್ಕೂ ಮೊಮ್ಮಗಳು ಬಸ್ಸನ್ನೇ ತೆಗೆದಳು, ಮುಖ ಮಾತ್ರ ಆ ಕಡೆಗೆ.

"ಒಂದು ಹೋಗೋ ಬಸ್ಸು, ಒಂದು ಬರೋ ಬಸ್ಸು," ಎಂದಳು. "ಇದು ಯಾರಿಗೆ ಅಜ್ಜಿ?"

"ಯಾರಿಗೂ ಅಲ್ಲ. ಅದು ಜೋಡಿ. ಜೋಡಿ ಬಿಟ್ಟು ಹೋಗಬಾರದು, ಚೀಲದಾಗ ಇರ್ಲಿ."

ಹೀಗೆ ನಾನು ಹೇಳಿದ್ದೇ ಮುಂದಿನ ಎಲ್ಲ ಗದ್ದಲಕ್ಕೂ ಕಾರಣ.

ಶನಿವಾರ ಸೊಸೆ ಅರ್ಧ ದಿನ ರಜೆ ಹಾಕಿ ಶಾಲೆಗೆ ಬಂದಳು. ಬೀಗತಿಯೂ ಬಂದಳು, ಮೊಮ್ಮಗಳು ಫೋನು ಮಾಡಿ, "ಮಸ್ಕಿ ಅಜ್ಜಿ, ನೀನೂ ತಾಯಿನ ಅಲ್ಲೇನು, ಬಾ" ಎಂದಿದ್ದಳು. ರೊಟ್ಟಿ ಗಂಟು ಸಮೇತ ಹಿಂದಿನ ಬೆಂಚಿನಲ್ಲಿ ಕುಳಿತಳು. ನಾನೂ ನಮ್ಮ ಮನೆಯವರೂ ಅವಳ ಪಕ್ಕದಲ್ಲಿ. ಕರೆಂಟ್ ಇರಲಿಲ್ಲ. ಯಾಕೆಂದರೆ ಅದೇ ರಸ್ತೆಯ ಆ ತುದಿಯಲ್ಲಿ ನನ್ನ ಮಗ ಕಂಬ ಹತ್ತಿ ತಂತಿ ಸರಿಮಾಡುತ್ತಿದ್ದ. ಫ್ಯಾನಿಲ್ಲ, ಮೈಕಿಲ್ಲ, ಸೆಕೆಯೆಂದರೆ ಸೆಕೆ. ತಾಯಂದಿರು ತಮಗೆ ಬಂದ ಕಾಗದದ ಚಿಟ್ಟೆಯಿಂದಲೇ ಗಾಳಿ ಹಾಕಿಕೊಳ್ಳುತ್ತಿದ್ದರು. ಹೆಡ್‌ಮಾಸ್ತರರು ಸತ್ತ ಮೈಕು ಹಿಡಿದು, ಅದು ಸತ್ತಿದೆ ಎಂದು ಗೊತ್ತಿದ್ದೂ ಅದರಲ್ಲೇ ಮಾತಾಡುತ್ತಿದ್ದರು.

ನಮ್ಮ ಹುಡುಗಿಯ ಪಾಳಿ ಬಂತು. ಅವಳ ಅವ್ವನನ್ನು ಮುಂದೆ ಕುರ್ಚಿಯಲ್ಲಿ ಕೂಡಿಸಿದರು. ಹುಡುಗಿ ಚೀಲದಿಂದ ಬಾಸಿಂಗ ತೆಗೆದು, ಕುರ್ಚಿಯ ಹಿಂದೆ ಹೋಗಿ, ನಾನು ಕಲಿಸಿದ ಹಾಗೆ ಗಂಟು ಹಾಕಿ ಕಟ್ಟಿಬಿಟ್ಟಳು. ಸೊಸೆ ಕೈಯಿಂದ ಮುಟ್ಟಿ ನೋಡಿದಳು. ಏನೆಂದು ತಿಳಿದ ಕೂಡಲೇ ಕೈ ಹಾಗೇ ನಿಂತಿತು. ಮಗಳು ಮುಖ ನೋಡುತ್ತಾ ನಿಂತಿದ್ದಾಳೆ, ಬಿಚ್ಚುವುದು ಹೇಗೆ? ಚಿಟ್ಟೆ ಹಿಡಿದ ತಾಯಂದಿರ ನಡುವೆ ಒಬ್ಬಳು ಮದುಮಗಳಾಗಿ ಕುಳಿತಳು.

"ಅಯ್ಯ! ಬಾಸಿಂಗ!" ಎಂದು ಯಾರೋ ಅಂದರು. ನನ್ನ ಪಕ್ಕದಲ್ಲಿ ಬೀಗತಿಯ ಉಸಿರು ನಿಂತದ್ದು ನನಗೇ ಕೇಳಿಸಿತು. ಪಣದ ನೆನಪು ನನಗಾದದ್ದು ಆಗ.

ಅಷ್ಟರಲ್ಲಿ ಹುಡುಗಿ ಚೀಲದಿಂದ ಎರಡನೆಯದನ್ನೂ ತೆಗೆದಳು. ಜೋಡಿ ಬಿಟ್ಟು ಹೋಗಬಾರದು ಎಂದು ನಾನು ಹೇಳಿದ್ದೆನಲ್ಲ. ಸುತ್ತಲೂ ನೋಡಿದಳು. ಅವ್ವನ ಪಕ್ಕದಲ್ಲಿ, ಅಗಲವಾದ ಹಣೆ ಖಾಲಿ ಬಿಟ್ಟುಕೊಂಡು ನಿಂತವರು ಒಬ್ಬರೇ ಇದ್ದರು.

"ಬಗ್ಗ್ರೀ ಸರ್."

ಹೆಡ್‌ಮಾಸ್ತರರು ಒಳ್ಳೆಯ ಮನುಷ್ಯರು. ಇದೂ ಕಾರ್ಯಕ್ರಮದಲ್ಲಿ ಇರಬೇಕು ಎಂದುಕೊಂಡು, ಮೈಕನ್ನು ಬಗಲಲ್ಲಿ ಇಟ್ಟು, ನಗುತ್ತಾ ಮೊಣಕಾಲೂರಿ ತಲೆ ಬಗ್ಗಿಸಿದರು.

"ಏಯ್! ನಿಲ್ಲಸ್ರೀ!" ಎಂದು ಬೀಗತಿ ಕೂಗಿದ್ದಕ್ಕೆ ಹೊರಗೆ ಅಡುಗೆ ಕೋಣೆಯವರು ಸೌಟು ಹಿಡಿದುಕೊಂಡೇ ಓಡಿಬಂದರು. ಮೊಣಕಾಲು ನೋವು ಎಂದು ನಮ್ಮ ಮನೆಯ ಎರಡು ಮೆಟ್ಟಿಲು ಹತ್ತಲು ಗೋಡೆ ಹಿಡಿಯುವವಳು ಬೆಂಚು ದಾಟಿ ಮುಂದೆ ಹೋದಳು.

"ಸರ್, ನಿಮ್ಮ ಮನ್ಯಾಗ ಹೆಂಡ್ತಿ ಅದಾಳಿಲ್ರೀ?"

"ಅದಾಳ್ರೀ. ಯಾಕ್ರೀ?"

"ಹಂಗಾರ ತಲಿ ಎತ್ರಿ ಮ್ಯಾಲ!"

ಹೆಡ್‌ಮಾಸ್ತರರು ತಲೆ ಎತ್ತಿದರು. ಬಾಸಿಂಗ ಕಂಡರು, ಪಕ್ಕದ ಕುರ್ಚಿ ಕಂಡರು, ಅರ್ಥವಾಯಿತು. ಎದ್ದವರು ಬಾಗಿಲ ತನಕ ಹಿಂದಕ್ಕೆ ಸರಿದರು.

ಸೊಸೆ ನಾಚಿಕೆಯಿಂದ ಗಂಟು ಬಿಚ್ಚಲು ಕೈ ಹಾಕಿದಳು. ಬೀಗತಿ ಆ ಕೈ ಹಿಡಿದಳು.

"ಬಿಚ್ಚಬ್ಯಾಡ! ಕಟ್ಟಿದ ಬಾಸಿಂಗ ಅಕ್ಷತಿ ಬೀಳಲಾರದ ಬಿಚ್ಚಿದ್ರ ಮನಿಗೆ ಒಳ್ಳೇದಲ್ಲ."

"ಮತ್ತ ಹಿಂಗ ಆಸ್ಪತ್ರಿಗೆ ಹೋಗ್ಲೇನ ಬೇ?"

"ಅದೂ ಬ್ಯಾಡ."

"ಮತ್ತೇನ ಮಾಡ್ಲಿ?"

ನಾನೇ ಬಾಯಿ ಬಿಟ್ಟೆ. "ಬೀಗತಿ, ಗಂಡು ಇಲ್ಲೇ ಕಂಬದ ಮ್ಯಾಲ ಐತಿ."

ಬೀಗತಿ ನನ್ನ ಕಡೆ ತಿರುಗಿದಳು. "ಇದು ನಿನ್ನ ಕೆಲಸ ಏನ ಬೇ?"

"ಅಂಟು ನಂದು, ಬಸ್ಸು ನಿನ್ನ ಮೊಮ್ಮಗಳದು."

"ಬಾಸಿಂಗದಾಗ ಬಸ್ಸು ಯಾರರ ತಗೀತಾರೇನು? ಗಿಳಿ ಎಲ್ಲಿ? ಮತ್ತ ಬಾಸಿಂಗ ಸೋದರಮಾವ ಕಟ್ಟಬೇಕು. ಹಡೆದ ಮಗಳು ಕಟ್ಟೋದು ಯಾವ ಶಾಸ್ತ್ರದಾಗ ಐತಿ?"

"ಕಟ್ಟಬಾರದು ಅಂತ ಯಾವ ಶಾಸ್ತ್ರದಾಗ ಐತಿ? ಆ ಶಾಸ್ತ್ರ ಬರದವರಿಗೆ ಹಿಂಗೊಂದು ಮದುವಿ ಆಗ್ತೈತಿ ಅಂತ ಕನಸು ಬಿದ್ದಿತ್ತೇನು?"

ಆಗ ಸೊಸೆ ಕುರ್ಚಿಯಿಂದ ಎದ್ದಳು. ಅವಳು ಜೋರಾಗಿ ಮಾತಾಡುವವಳಲ್ಲ, ಸೂಜಿ ಚುಚ್ಚುವಾಗ ರೋಗಿಗಳಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದಳು.

"ಅವ್ವಾ, ಗಿಳಿ ವಿಷಯ ಬಿಡು. ಇಲ್ಲೇ, ಇವತ್ತ, ನಾ ಅವರ ಜೋಡಿ ನಿಂತು ಅಕ್ಷತಿ ಹಾಕಿಸಿಕೊಂಡ್ರ, ಸಂಜಿಗೆ ನಮ್ಮ ಮನ್ಯಾಗ ಉಣ್ತಿ?"

ಬೀಗತಿ ಬಸ್ಸಿನ ಕಡೆ ನೋಡಿದಳು. ಕಿಟಕಿ ಕಿಟಕಿಯಲ್ಲಿ ತನ್ನ ಮಗಳ ಮುಖ.

"ವಾಲಗ ಇಲ್ಲ…" ಎಂದಳು.

"ಅವ್ವಾ. ಉಣ್ತಿಯೋ ಇಲ್ಲೋ?"

"ಮೊದಲ ಗಂಡು ಬರ್ಲಿ," ಎಂದು ಬೀಗತಿ ಮುಖ ತಿರುಗಿಸಿ, ಸೆರಗಿನಿಂದ ಮೂಗು ಒರೆಸಿಕೊಂಡು, ಟೀಚರಮ್ಮನಿಗೆ ಅಪ್ಪಣೆ ಕೊಟ್ಟಳು. "ಪೂರ್ವ ದಿಕ್ಕು ಯಾವುದು ತೋರಸ್ರಿ!"

ನಮ್ಮ ಮನೆಯವರು ಕಂಬದ ಕಡೆ ಓಡಿದರು. ಅಲ್ಲಿ ಆದ ಮಾತನ್ನು ಅವರೇ ಬಂದು ಹೇಳಿದ್ದು.

"ಇಳೀಲೇ ಕೆಳಗ, ನಿನ್ನ ಮದುವಿ ಐತಿ!"

ಮಗ ಮೇಲಿನಿಂದಲೇ ಕೇಳಿದನಂತೆ. "ಯಾರ ಜೋಡಿ?"

"ನಿನ್ನ ಹೆಂಡ್ತಿ ಜೋಡಿನ, ಮತ್ಯಾರ ಜೋಡಿ!"

"ಹಂಗಾರ ಒಂದೀಟು ತಡೀರಿ, ತಂತಿ ಜೋತಾಡಾಕತ್ತೈತಿ."

ಮದುಮಗ ಹೆಲ್ಮೆಟ್ಟು, ರಬ್ಬರ್ ಕೈಗವಸು, ಸೊಂಟದ ಬೆಲ್ಟು, ಅದಕ್ಕೆ ಜೋತುಬಿದ್ದ ಇಕ್ಕಳ, ಸ್ಕ್ರೂಡ್ರೈವರ್ ಸಮೇತ ಬಂದ. ಕಾಲಿಗೆ ಮಣ್ಣಾಗಿದೆ ಎಂದು ಬಾಗಿಲಲ್ಲೇ ನಿಂತ. ಅಡುಗೆಯವರು ಒಂದು ಬೊಗಸೆ ಅಕ್ಕಿಗೆ ಅರಿಶಿನ ಕಲಸಿ ತಂದರು. ಅಕ್ಷತೆಯನ್ನು ಮಕ್ಕಳ ಕೈಗೆ ಕೊಟ್ಟದ್ದು ತಪ್ಪಾಯಿತು, ಅರ್ಧ ಮಂದಿ ಆಗಲೇ ಎಸೆದರು, ಉಳಿದರ್ಧ ಬಾಯಿಗೆ ಹಾಕಿಕೊಂಡರು. ಮತ್ತೆ ಕಲಸಿದರು.

ಗಂಡು ಹೆಣ್ಣಿನ ನಡುವೆ ಹಿಡಿಯಲು ಅಂತರಪಟ ಬೇಕೆಂದಳು ಬೀಗತಿ. ಗೋಡೆಯಲ್ಲಿದ್ದ 'ತಾಯಂದಿರ ದಿನದ ಶುಭಾಶಯಗಳು' ಬ್ಯಾನರನ್ನು ಬಿಚ್ಚಿ ಇಬ್ಬರು ಟೀಚರಮ್ಮಂದಿರು ಹಿಡಿದುಕೊಂಡರು. ಮಂತ್ರ ಯಾರಿಗೂ ಬರದು. ಸೊಸೆಯ ಪಕ್ಕದಿಂದ ತಪ್ಪಿಸಿಕೊಂಡ ಖುಷಿಯಲ್ಲಿದ್ದ ಹೆಡ್‌ಮಾಸ್ತರರು ಮುಂದೆ ಬಂದು, "ಮಂತ್ರಕ್ಕ ಏನ್ರೀ, ನಮ್ಮ ಹುಡುಗರಿಗೆ ಎಲ್ಲ ಬಾಯಿಪಾಠ ಐತ್ರಿ" ಎಂದರು. ಕೈ ಎತ್ತಿ ಸನ್ನೆ ಮಾಡಿದರು. ಮಕ್ಕಳೆಲ್ಲ ಒಂದೇ ದನಿಯಲ್ಲಿ ಶುರುಮಾಡಿದರು.

"ಕ ಕಾ ಕಿ ಕೀ ಕು ಕೂ…"

ಆ ಕಾಗುಣಿತದಲ್ಲಿ ಬೀಗತಿ ಅಳಿಯನ ಹೆಲ್ಮೆಟ್ಟು ತೆಗೆದಳು. ಮೊಮ್ಮಗಳನ್ನು ಎತ್ತಿ ಹಿಡಿದಳು, ಮೊಮ್ಮಗಳು ಅಪ್ಪನ ಹಣೆಗೆ ಬಾಸಿಂಗ ಕಟ್ಟಿದಳು. "ಕಂ, ಕಃ" ಎಂದ ಕೂಡಲೇ ಬ್ಯಾನರ್ ಕೆಳಗಿಳಿಯಿತು. ಹೋಗುವ ಬಸ್ಸಿನ ಎದುರಿಗೆ ಬರುವ ಬಸ್ಸು ನಿಂತಿತ್ತು. ನನ್ನ ಮಗ ನನ್ನ ಸೊಸೆಯನ್ನು ಹೊಸದಾಗಿ ನೋಡುವವನ ಹಾಗೆ ನೋಡಿದ, ಅವಳು ತಲೆ ತಗ್ಗಿಸಿದಳು, ಅಕ್ಷತೆ ಬಿತ್ತು, ನಾನು ಮೂಗು ಸೋರುವಷ್ಟು ಅತ್ತೆ. ಮೊಮ್ಮಗಳು ಮಾತ್ರ, "ಮತ್ತ ಖ ಖಾ ಹೇಳೋದಿಲ್ಲೇನು?" ಎಂದು ಕೇಳಿದಳು.

ಬೀಗತಿ ಮಗಳ ಗಲ್ಲ ಸವರಿ ನೆಟಿಗೆ ಮುರಿದಳು. ಆಮೇಲೆ ನನ್ನ ಮಗನ ಮುಂದೆ ಬಂದು ನಿಂತಳು.

"ಅಳಿಯಾ," ಎಂದಳು.

ಅವನು ಹಿಂದೆ ತಿರುಗಿ ನೋಡಿದ, ಬೇರೆ ಯಾರನ್ನೋ ಕರೆದರೇನೋ ಎಂದು.

ಸೊಸೆ ಪೂರ್ತಿ ದಿನ ರಜೆ ಕೇಳಲು ಲಿಂಗಸುಗೂರಿಗೆ ಫೋನು ಹಚ್ಚಿದಳು. "ಸರ್, ಮಧ್ಯಾಹ್ನಾನೂ ಬರಾಕ ಆಗಾಂಗಿಲ್ರೀ. ನನ್ನ ಮದುವಿ ಐತ್ರಿ." ಆ ಕಡೆಯ ದನಿ ನನಗೂ ಕೇಳಿಸಿತು. "ಮುಂಜಾನಿ ಮಗಳ ಸಾಲಿ ಕಾರ್ಯಕ್ರಮ ಅಂದಿದ್ದೆಲ್ಲಮ್ಮ?" "ಅದ ರೀ ಸರ್, ಅದ ಇದು."

ಮಗನಿಗೆ ರಜೆ ಎಲ್ಲಿಯದು? ಓಣಿಗೆ ಓಣಿಯೇ ಕರೆಂಟ್ ಇಲ್ಲದೆ ಕುಳಿತಿತ್ತು, ಫೋನಿನ ಮೇಲೆ ಫೋನು ಬರುತ್ತಿತ್ತು. ಹೊಸ್ತಿಲು ತುಳಿಯುವ ತನಕ ಬಾಸಿಂಗ ತಲೆಯಿಂದ ಇಳಿಯಬಾರದು ಎಂದು ಬೀಗತಿ. ಹೆಲ್ಮೆಟ್ಟಿಲ್ಲದೆ ಕಂಬ ಹತ್ತಬಾರದು ಎಂದು ಮಗ. ಕೊನೆಗೆ ತಂತಿಗೆ ಸುತ್ತುವ ಕರಿ ಟೇಪಿನಿಂದ ಬಾಸಿಂಗವನ್ನು ಹೆಲ್ಮೆಟ್ಟಿಗೇ ಅಂಟಿಸಿ, ಬೀಗತಿ ಎಳೆದು ನೋಡಿ, ಗಟ್ಟಿ ಇದೆ ಎಂದ ಮೇಲೆ ಅವನು ಹೋಗಿ ಕಂಬ ಹತ್ತಿದ. ದಾರಿಯಲ್ಲಿ ಹೋಗುವ ಟ್ರ್ಯಾಕ್ಟರುಗಳು ನಿಂತು ನಿಂತು ಹೋದವು. ವಳಕಮದಿನ್ನಿ ಕಡೆಯ ಒಬ್ಬ ಭತ್ತದ ಚೀಲದ ಮೇಲೆ ಕುಳಿತವನು, "ಹೆಣ್ಣು ಯಾವ ಕಂಬದ ಮ್ಯಾಲ ಐತೋ ಮಾರಾಯ?" ಎಂದು ಕೂಗಿ ಹೋದ.

ಸಂಜೆ ಅವರಿಬ್ಬರನ್ನೂ ಹೊಸ್ತಿಲಲ್ಲಿ ನಿಲ್ಲಿಸಿ ಆರತಿ ಬೆಳಗಿ ಒಳಗೆ ಕರೆದುಕೊಂಡೆ. ಮಸ್ಕಿಯಿಂದ ಬೀಗರು ಬಂದರು. ಅವರು ಹೊಲ ಬಿಟ್ಟು ಅಲ್ಲಾಡದ ಮನುಷ್ಯ, ಸಿಂಧನೂರಿನ ಮಾರುಕಟ್ಟೆಗೆ ಹತ್ತಿ, ಜೋಳ ಹಾಕಲು ಬಂದರಷ್ಟೇ ಬಂದರು. ಹೆಂಡತಿ ಫೋನಿನಲ್ಲಿ, "ಮಗಳ ಮದುವಿ ಐತಿ, ಜಲ್ದಿ ಬರ್ರಿ" ಎಂದಾಗ ಅವರು, "ಯಾವ ಮಗಳದು?" ಎಂದು ಕೇಳಿದರಂತೆ. ಇರುವವಳು ಒಬ್ಬಳೇ ಮಗಳು.

ಅಡುಗೆ ನಾನು ಮಾಡುತ್ತೇನೆ, ನೀನು ಮದುಮಗಳು, ಕುಳಿತುಕೋ ಎಂದೆ. ಸೊಸೆ ಕೇಳಲಿಲ್ಲ. "ಇವತ್ತೊಂದು ದಿನ ಒಲಿ ನನಗ ಬಿಡ್ರೀ ಅತ್ತಿ" ಎಂದಳು. ಗೋಧಿ ಹುಗ್ಗಿ, ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಅನ್ನ, ಸಾರು. ನಡುಮನೆಯಲ್ಲಿ ಎಲ್ಲರಿಗೂ ಚಾಪೆ ಹಾಸಿದೆ.

ಬೀಗತಿ ತಟ್ಟೆಯ ಮುಂದೆ ಕುಳಿತಳು. ಅವಳಿಗೇ ಏನೋ ಸಂಕೋಚ, ಸೆರಗು ಸರಿಮಾಡಿಕೊಂಡಳು, ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು. ನಾವೆಲ್ಲ ನೋಡುತ್ತಿದ್ದೆವು. ಸೊಸೆ ಅಡುಗೆಮನೆಯ ಬಾಗಿಲಲ್ಲಿ, ಸೌಟು ಹಿಡಿದು, ಉಸಿರು ಹಿಡಿದು ನಿಂತಿದ್ದಳು.

ಬೀಗತಿ ರೊಟ್ಟಿ ಮುರಿದು, ಎಣ್ಣೆಗಾಯಿ ಹಚ್ಚಿಕೊಂಡು, ಬಾಯಿಗಿಟ್ಟಳು. ಅಗಿದಳು. ನಿಧಾನಕ್ಕೆ ಅಗಿದಳು. ನುಂಗಿದಳು.

"ಉಪ್ಪು ಕಮ್ಮಿ ಆಗೇತಿ," ಎಂದಳು.

ಸೊಸೆ ನಕ್ಕಳು. ನಗುನಗುತ್ತಲೇ ಕಣ್ಣಲ್ಲಿ ನೀರು ಸುರಿಯಿತು, ಒರೆಸಿಕೊಳ್ಳಲೂ ಇಲ್ಲ. "ಹಾಕ್ತೀನಿ ತಡಿ ಬೇ" ಎಂದು ಒಳಗೆ ಓಡುವವಳಿದ್ದಳು, ಬೀಗತಿ ಎಡಗೈಯಿಂದ ಅವಳ ಸೀರೆ ಹಿಡಿದೆಳೆದು ತನ್ನ ಪಕ್ಕದಲ್ಲೇ ಕೂಡಿಸಿದಳು. "ನಿಂತು ಉಣ್ಣೋದು ಸಾಕು. ಕುಂತು ಉಣ್ಣು." ನಿಂತು ಉಣ್ಣುವುದನ್ನು ಅವಳು ಯಾವಾಗ ನೋಡಿದ್ದಳೋ ನನಗೆ ತಿಳಿಯದು. ಕಟ್ಟೆಯಿಂದ ಅಡುಗೆಮನೆಯ ಕಿಟಕಿ ಕಾಣುತ್ತದೆ ಎಂಬುದು ನನಗೆ ಆಗ ಹೊಳೆಯಿತು.

ಬಡಿಸುವವರು ಯಾರೂ ಉಳಿಯಲಿಲ್ಲ. ಪಾತ್ರೆಗಳನ್ನೆಲ್ಲ ನಡುವೆ ಎಳೆದುಕೊಂಡೆವು. ಮೊಮ್ಮಗಳು ಹುಗ್ಗಿಯಲ್ಲಿ ಮೊಣಕೈ ತನಕ ಇಳಿದಿದ್ದಳು. ಆಗ ಬೀಗರು ಎದ್ದು, ಸೀದಾ ಅಡುಗೆಮನೆಗೆ ಹೋಗಿ, ಮೇಲಿನ ಹಲಗೆಯ ಮೂಲೆಯಲ್ಲಿ ಹಿಟ್ಟಿನ ಡಬ್ಬಿಯ ಹಿಂದೆ ಇರುವ ಉಪ್ಪಿನಕಾಯಿ ಭರಣಿ ತೆಗೆದುಕೊಂಡು ಬಂದು ಕುಳಿತರು.

ಬೀಗತಿಯ ಕೈ ತಟ್ಟೆಯಲ್ಲೇ ನಿಂತಿತು. "ಭರಣಿ ಅಲ್ಲೈತಿ ಅಂತ ನಿಮಗ ಹೆಂಗ ಗೊತ್ತಾತ್ರಿ?"

ಬೀಗರು ಉಪ್ಪಿನಕಾಯಿ ಹಾಕಿಕೊಂಡರು. ಮಾರುಕಟ್ಟೆಗೆ ಬಂದಾಗಲೆಲ್ಲ ಅವರು ನಮ್ಮಲ್ಲಿ ಹೊಟ್ಟೆ ತುಂಬ ಉಂಡು ಹೋಗುತ್ತಿದ್ದುದು ಅವಳೊಬ್ಬಳಿಗೆ ಬಿಟ್ಟು ನಮಗೆಲ್ಲರಿಗೂ ಗೊತ್ತು. ನಾನು ಸಾರಿನ ಕಡೆ ನೋಡಿದೆ, ಮಗ ಛಾವಣಿಯ ಕಡೆ ನೋಡಿದ.

"ನಂಗ ಮದುವಿ ಆದಂಗ ಅನಸಿತ್ತು," ಎಂದರು ಬೀಗರು.

ಬೀಗತಿ ಗಂಡನನ್ನು ಸುಟ್ಟುಬಿಡುವ ಹಾಗೆ ನೋಡಿದಳು, ಭರಣಿಯನ್ನು ಅವರ ಮುಂದಿನಿಂದ ಕಸಿದುಕೊಂಡಳು, ತನ್ನ ತಟ್ಟೆಗೆ ಒಂದು ಹೋಳು, ಮಗಳ ತಟ್ಟೆಗೆ ಒಂದು ಹೋಳು ಹಾಕಿ, ಅಳಿಯನ ಕಡೆ ಕೈ ಚಾಚಿ ಇನ್ನೊಂದು ರೊಟ್ಟಿ ಕೇಳಿದಳು.